ದೇವರಿಗೆ ಬಿಟ್ಟ ಮರಿ

ನಮ್ಮೆಜಮಾನರು ಅನಂತರಾಜು ಅವರಿಗೆ ಹಿಂದಿ ಬರುತ್ತದೆ ಎಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ರಾಜಾನುಕುಂಟೆಯಲ್ಲಿ ಮನೆ ಕಟ್ಟಿಸಿ ಮಾರುವ ಕೆಲಸ ಇವರದು. ಟೈಲ್ಸ್ ಹಾಕಲು ಬರುವ ಉತ್ತರದವರ ಹತ್ತಿರ ಕಲಿತ ಹಿಂದಿ. ‘ಇಧರ್ ಕಾಟೋ, ಉಧರ್ ಲಗಾವ್’ ಎನ್ನುವಷ್ಟಕ್ಕೆ ಸಾಕು. ಅದನ್ನೇ ನೆಚ್ಚಿಕೊಂಡು ಹಿಮಾಲಯಕ್ಕೆ ಹೋದೆವು.

ಮಗಳು ಸಂಯುಕ್ತಾಳನ್ನು ಬಾಗಲಗುಂಟೆಯ ಪುನೀತನಿಗೆ ಕೊಟ್ಟಿದ್ದೇವೆ. ಮದುವೆಯೇನೋ ಚೆನ್ನಾಗಿಯೇ ಆಯಿತು. ಬೀಗರ ಊಟ ಮಾತ್ರ ಆಗಲಿಲ್ಲ; ಮಾರನೆಯ ದಿನವೇ ನಮ್ಮ ದಾಯಾದಿಯೊಬ್ಬರು ತೀರಿಕೊಂಡು ಸೂತಕ ಬಂತು. ಬಾಡೂಟವಿಲ್ಲದ ಮದುವೆ ನಮ್ಮ ಕಡೆ ಅರ್ಧ ಮದುವೆ. ಸೂತಕ ಕಳೆಯುವಷ್ಟರಲ್ಲಿ ಮಕ್ಕಳಿಗೆ ರಜ ಸಿಕ್ಕಿತು, ನಮ್ಮನ್ನೆಲ್ಲ ಸ್ಪಿತಿ ಕಣಿವೆಗೆ ಹೊರಡಿಸಿಬಿಟ್ಟರು. ಬೀಗಿತ್ತಿ ಮಂಡಿನೋವೆಂದು ಮನೆಯಲ್ಲೇ ಉಳಿದರು. ಬೀಗರು ದೊಡ್ಡಮುನಿಯಪ್ಪನವರು ಮಾತ್ರ ಮಂಕಿ ಟೋಪಿ ಹಾಕಿಕೊಂಡು ಬಂದರು.

ಚಂಡೀಗಢದಲ್ಲಿ ಬಾಡಿಗೆ ಕಾರು ಹಿಡಿದು ಅಳಿಯನೇ ಓಡಿಸಿದ. ಅಬ್ಬಾ, ಅದೇನು ದಾರಿ! ಒಂದು ಕಡೆ ತಲೆಯ ಮೇಲೆ ಚಾಚಿಕೊಂಡ ಬಂಡೆ, ಇನ್ನೊಂದು ಕಡೆ ದಾರದೆಳೆಯಂತೆ ಕಾಣುವಷ್ಟು ಆಳದಲ್ಲಿ ನದಿ. ಮೇಲೇರಿದಂತೆ ಮರಗಳು ನಿಂತೇ ಹೋದವು. ಕಂದು, ನೇರಳೆ, ಅರಿಸಿನ ಬಣ್ಣದ ಬೋಳು ಬೆಟ್ಟಗಳು, ತುದಿಯಲ್ಲಿ ಹಿಮ. ಹೆಬ್ಬಾಳದ ಫ್ಲೈಓವರ್ ಮೇಲೆಯೇ ಕಣ್ಣು ಮುಚ್ಚಿಕೊಳ್ಳುವ ನಾನು ಅಲ್ಲಿ ರೆಪ್ಪೆ ಹೊಡೆಯಲಿಲ್ಲ.

ಬೀಗರಿಗೆ ಇದ್ಯಾವುದೂ ಬೇಡ. “ಕಲ್ ನೋಡಕ್ಕೆ ಇಷ್ಟ್ ದೂರ ಬರ್ಬೇಕಾ? ನಮ್ ಕಡೆ ಕ್ವಾರಿ ಇಲ್ವಾ?” ಎನ್ನುವರು. ಊಟಕ್ಕೆ ನಿಲ್ಲಿಸಿದಲ್ಲೆಲ್ಲ ಬೇಳೆ, ರೊಟ್ಟಿ, ಆಲೂಗಡ್ಡೆ. ಒಂದು ಮಧ್ಯಾಹ್ನ ತಟ್ಟೆ ಸರಿಸಿ ಅಂದೇಬಿಟ್ಟರು: “ಏನ್ ಬೀಗ್ರೇ, ನಮ್ಮುನ್ನ ಇಂಗೇ ಸೊಪ್ಪುಸದೆ ತಿನ್ಸಿ ಸಾಗಾಕ್ಬುಡ್ತೀರಾ? ಬಾಗಲಗುಂಟೇಲಿ ಜನ ಕೇಳ್ತವ್ರೆ, ಅನಂತರಾಜುಗೆ ಒಂದ್ ಮರಿ ಒಡ್ಯೋ ಯೋಗ್ಯತೆ ಇಲ್ವಾ ಅಂತ.”

ನಗುತ್ತಲೇ ಅಂದರು. ಆದರೆ ಇವರ ಮುಖ ಕಪ್ಪಿಟ್ಟಿತು. ಸೈಟು ಕೈತಪ್ಪಿದರೂ ಸಹಿಸುವ ಮನುಷ್ಯ, ಬೀಗರ ಮುಂದೆ ಮಾನ ಹೋದರೆ ಸಹಿಸುವವರಲ್ಲ. ಕಾರು ಹತ್ತುವಾಗ ನನ್ನ ಕಿವಿಯಲ್ಲಿ, “ಇಲ್ಲೇ ಮಾಡ್ಬಿಡ್ತೀನಿ ಕಣೇ ಬೀಗರ ಊಟಾನ. ಈ ಬೆಟ್ಟದ ಮೇಲೇ!” ಎಂದರು. “ಬಾಯ್ಮುಚ್ಕೊಂಡ್ ಕೂತ್ಕೊಳ್ರೀ” ಅಂದೆ. ಕೇಳಬೇಕಲ್ಲ?

ಆ ಸಂಜೆ ಉಳಿದದ್ದು ಆಂಗ್ಮೋ ಎಂಬ ಅಜ್ಜಿಯ ಮನೆಯಲ್ಲಿ. ಅಳಿಯ ಮಗಳು ಸುಸ್ತಾಗಿ ಒಳಗೆ ಮಲಗಿಬಿಟ್ಟಿದ್ದರು. ಅಂಗಳದಲ್ಲೊಂದು ಬಿಳಿ ಕುರಿಮರಿ ಕಟ್ಟಿತ್ತು. ನಮ್ಮವರು ಹೋಗಿ ಬೆನ್ನ ಮೇಲೆ ಕೈಯಾಡಿಸಿ, ಪಕ್ಕೆ ಒತ್ತಿ ನೋಡಿದರು, ಸಂತೆಯಲ್ಲಿ ನೋಡುತ್ತಾರಲ್ಲ, ಹಾಗೆ. ಮುದ್ದು ಮಾಡುತ್ತಿದ್ದಾರೆಂದು ಅಜ್ಜಿ ನಕ್ಕಳು. ಚಳಿಗಾಲಕ್ಕೆ ಮುಂಚೆ ಕಟುಕನಿಗೆ ಕೊಡಬೇಕೆಂದಿದ್ದೇನೆ ಎಂದಳು.

ಇವರು ಗಂಟಲು ಸರಿಮಾಡಿಕೊಂಡರು. “ಕಟುಕ್ ನಕೋ ಅಮ್ಮಾ. ಹಮ್ ಕೋ ದೇವ್. ಬೇಟೀ ಕಾ ಶಾದಿ. ಭಗವಾನ್ ಕೇ ನಾಮ್ ಪೇ ಛೋಡೇಗಾ.”

ದೇವರ ಹೆಸರಲ್ಲಿ ಬಿಡುತ್ತೇವೆ! ನಮ್ಮ ಕಡೆ ಅದರ ಅರ್ಥ ಹಸುಗೂಸಿಗೂ ಗೊತ್ತು. ದೇವರಿಗೆ ಮರಿ ಬಿಟ್ಟಿದ್ದೀವಿ ಅಂದರೆ ಹಬ್ಬದ ದಿನ ಅದರ ಸಾರು ಅಂತಲೇ ಲೆಕ್ಕ. ಅಜ್ಜಿ ಮಾತ್ರ ಎರಡೂ ಕೈಯಲ್ಲಿ ಇವರ ಕೈ ಹಿಡಿದುಕೊಂಡಳು. ಅವಳ ಕಣ್ಣು ತುಂಬಿತ್ತು. ದುಡ್ಡು ಕೊಡಹೋದರೆ ಕಿವಿ ಮುಚ್ಚಿಕೊಂಡಳು. “ನೋಡ್ದಾ ನನ್ ಹಿಂದಿನಾ?” ಎಂದು ಇವರು ಬೀಗಿದರು. ಅಜ್ಜಿಯ ಹತ್ತಿರ ದೊಡ್ಡ ಚಾಕು ಕೇಳಿ ತಂದು, ಅಂಗಳದ ಕಲ್ಲಿಗೆ ಉಜ್ಜಿ ಉಜ್ಜಿ ಹರಿತ ಮಾಡಿದರು. ಬೀಗರು ಶುಂಠಿ ಬೆಳ್ಳುಳ್ಳಿ ಜಜ್ಜಲು ಕೂತರು. ಆ ಪ್ರಯಾಣದಲ್ಲಿ ಅವರು ಮೊದಲ ಸಲ ಹಾಡು ಗುನುಗಿದ್ದು ಆಗಲೇ. ನಾನೂ ಊರಿಂದ ತಂದಿದ್ದ ಸಾರಿನ ಪುಡಿಯ ಗಂಟು ಬಿಚ್ಚಿದೆ, ಸುಳ್ಳೇಕೆ ಹೇಳಲಿ.

ಬೆಳಿಗ್ಗೆ ಡೋಲಿನ ಸದ್ದಿಗೆ ಎಚ್ಚರವಾಯಿತು. ಅಂಗಳದ ತುಂಬ ಜನ. ಕೆಂಪು ಬಟ್ಟೆಯ ಸನ್ಯಾಸಿಯೊಬ್ಬರು ಮಂತ್ರ ಹೇಳುತ್ತಿದ್ದರು. ಮರಿಯ ತಲೆಗೆ ಬೆಣ್ಣೆ ಸವರಿ, ಕಿವಿಗೆ ಕೆಂಪು ದಾರ ಕಟ್ಟಿದ್ದರು. ನಮ್ಮವರ ಕೊರಳಿಗೂ ಬೀಗರ ಕೊರಳಿಗೂ ಬಿಳಿ ರೇಷ್ಮೆಯ ಶಾಲು ಬಿತ್ತು.

“ಪರ್ವಾಗಿಲ್ವೇ, ಇವ್ರೂ ಪೂಜೆ ಮಾಡೇ ಒಡೀತಾರೆ” ಎಂದರು ಬೀಗರು, ಖುಷಿಯಿಂದ.

ಪುನೀತ ಅಜ್ಜಿಯ ಜೊತೆ ಮಾತಾಡಿ ಬಂದ. ಅವನ ಮುಖ ಬಿಳಿಚಿಕೊಂಡಿತ್ತು. “ಮಾವ, ಕಡಿಯೋದಲ್ಲ. ದೇವ್ರ ಹೆಸ್ರಲ್ಲಿ ಬಿಡೋದು ಅಂದ್ರೆ ಇಲ್ಲಿ ಜೀವ ಉಳ್ಸೋದು. ಇನ್ಮೇಲೆ ಅದನ್ನ ಯಾರೂ ಮುಟ್ಟಂಗಿಲ್ವಂತೆ. ಸಾಯೋವರ್ಗೂ ಅಜ್ಜಿನೇ ಸಾಕ್ತಾರಂತೆ. ಮದುಮಗಳ ಹೆಸ್ರೇ ಇಡ್ತಾರಂತೆ, ಸಂಯುಕ್ತಾ ಅಂತ.”

ಅಯ್ಯೋ ಶಿವನೇ! ಬೀಗರ ಕೈಯಲ್ಲಿ ಶುಂಠಿ ಬೆಳ್ಳುಳ್ಳಿಯ ಬಟ್ಟಲು ಹಾಗೇ ಇತ್ತು. ಮೆಲ್ಲಗೆ ಶಾಲಿನ ಕೆಳಗೆ ಮುಚ್ಚಿಕೊಂಡರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ.

ಅಷ್ಟಕ್ಕೇ ಮುಗಿಯಲಿಲ್ಲ. ಅಜ್ಜಿ ಅದೇ ಚಾಕು ತಂದು ಇವರ ಕೈಗಿಟ್ಟಳು. ರಾತ್ರಿ ಇವರು ಚಾಕು ಕೇಳಿದ್ದು ಮರಿಯ ಹಗ್ಗ ಕತ್ತರಿಸಲಿಕ್ಕೆ ಅಂತಲೇ ಅವಳು ತಿಳಿದಿದ್ದಳು. “ಎಷ್ಟು ಶ್ರದ್ಧೆಯಿಂದ ಮಸೆದ ನೋಡಿ” ಎಂದು ಊರವರಿಗೆಲ್ಲ ಹೇಳಿದಳು. ಇವರು ಬಗ್ಗಿ ಹಗ್ಗಕ್ಕೆ ಚಾಕು ಹಚ್ಚಿದರು. ಹಗ್ಗ ಒಂದೇ ಏಟಿಗೆ ಕತ್ತರಿಸಿಹೋಯಿತು. ನಾಚಿಕೆಗೆ ಇವರ ಕಣ್ಣಲ್ಲಿ ನೀರು. ಅದನ್ನು ನೋಡಿ ಜನ ಕೈಮುಗಿದರು. ಒಬ್ಬ ಹೆಂಗಸು ತನ್ನ ಮಗುವನ್ನು ತಂದು ಇವರ ಕಾಲಿಗೆ ಬೀಳಿಸಿದಳು.

ನಿಜ ಹೇಳಿಬಿಡೋಣವೆಂದು ಇವರು ಎರಡು ಸಲ ಬಾಯಿ ತೆಗೆದರು. ಪಾಪ, ಟೈಲ್ಸಿನ ಹಿಂದಿಯಲ್ಲಿ ಅದಕ್ಕೆ ಮಾತಿರಲಿಲ್ಲ. ಹೇಳಿಕೊಡಲು ಪುನೀತನಿಗೂ ಬಾಯಿ ಬರಲಿಲ್ಲ. ಇಳಿಯುವ ದಾರಿಯಲ್ಲಿ ಅಷ್ಟೆಲ್ಲ ಬೆಟ್ಟ, ಹಿಮ, ನದಿ ಇದ್ದವು. ಯಾರೂ ಕಿಟಕಿಯಾಚೆ ನೋಡಲಿಲ್ಲ.

ಊರಿಗೆ ಬಂದು ಐದಾರು ತಿಂಗಳಾದ ಮೇಲೆ ರಾಜಾನುಕುಂಟೆಯಲ್ಲೇ ಶಾಮಿಯಾನ ಹಾಕಿಸಿ ಬೀಗರ ಊಟ ಮಾಡಿದೆವು. ಬಾಗಲಗುಂಟೆಯೇ ಬಂದಂತೆ ಬಂದರು ಜನ. ಮುದ್ದೆ, ಬೋಟಿ ಗೊಜ್ಜು, ಬಿರಿಯಾನಿ. ಯಾರೂ ಬೆರಳೆತ್ತಿ ತೋರಿಸದ ಹಾಗೆ ನಡೆಯಿತು. ಕೊನೆಯ ಪಂಕ್ತಿಯಲ್ಲಿ ಇವರೂ ಬೀಗರೂ ಅಕ್ಕಪಕ್ಕ ಕೂತರು. ಎಲೆಗೆ ಎಲ್ಲ ಬಿದ್ದಿತ್ತು. ಇವರು ಮೊದಲ ತುಂಡು ಕೈಗೆತ್ತಿಕೊಂಡಿದ್ದರು. ಸಂಯುಕ್ತಾ ಓಡಿಬಂದು ಫೋನು ಹಿಡಿದಳು. ವಿಡಿಯೋ ಕಾಲ್, ಆಂಗ್ಮೋ ಅಜ್ಜಿ.

ಅಜ್ಜಿಯ ಪಕ್ಕದಲ್ಲಿ ಮರಿ ಕೊಬ್ಬಿ ಕುರಿಯಾಗಿತ್ತು. ಕಿವಿಯಲ್ಲಿ ಕೆಂಪು ದಾರ. “ಸಂಯುಕ್ತಾ!” ಎಂದು ಅಜ್ಜಿ ಕರೆದರೆ ಕುರಿ ತಿರುಗಿ ನೋಡಿತು. ಇವರು ಕೈಯಲ್ಲಿದ್ದ ತುಂಡನ್ನು ಎಲೆಯ ಕೆಳಗೆ ತುರುಕಿದರು. ಅಜ್ಜಿ ಏನೋ ಹೇಳಿದಳು. ಮಗಳು ತಡವರಿಸುತ್ತ ಕನ್ನಡದಲ್ಲಿ ಹೇಳಿದಳು: “ಅಪ್ಪಾ... ಹುಟ್ಟಿದಾಗ್ನಿಂದ ತಿನ್ತಿದ್ರಂತೆ. ಆವತ್ತು ನಿನ್ನ ನೋಡಿದ್ಮೇಲೆ ಮಾಂಸ ಬಿಟ್ಬಿಟ್ರಂತೆ. ಚಳೀಲಿ ಕಷ್ಟ ಆಗುತ್ತೆ, ಆದ್ರೂ ನಿನ್ನ ಮುಖ ನೆನಪಾಗುತ್ತೆ ಅಂತಿದ್ದಾರೆ.”

ಫೋನು ಇಟ್ಟ ಮೇಲೂ ಇವರ ಕೈ ಎಲೆಯ ಮೇಲೆ ಹೋಗಲಿಲ್ಲ. ಸುತ್ತ ಜನ ನೋಡುತ್ತಿದ್ದರು. “ಪದ್ಮಾ, ಒಂಚೂರು ಮೊಸರನ್ನ ಇದ್ರೆ ಹಾಕೇ” ಎಂದರು ನನಗೆ, ತಲೆ ಎತ್ತದೆ. ಬೀಗರ ಊಟದಲ್ಲಿ ಮೊಸರನ್ನ! ಪಂಕ್ತಿ ಗೊಳ್ಳೆಂದಿತು.

ದೊಡ್ಡಮುನಿಯಪ್ಪನವರು ನಗಲಿಲ್ಲ. ತಮ್ಮ ಎಲೆಯಲ್ಲಿದ್ದ ತುಂಡುಗಳನ್ನು ಮೆಲ್ಲಗೆ ಒಂದು ಬದಿಗೆ ಸರಿಸಿದರು. “ನಂಗೂ ಒಸಿ ಆಕಮ್ಮಾ” ಎಂದರು.

ನಾನು ಅಡುಗೆಮನೆಗೆ ಹೋದೆ. ಮೊಸರು ಎಲ್ಲಿಂದ ಬರಬೇಕು, ಆವತ್ತು ಯಾರೂ ತರಿಸಿರಲಿಲ್ಲ. ಉಪ್ಪುಖಾರ ನೋಡುವ ನೆಪದಲ್ಲಿ ನಾನು ಎರಡು ಸಲ ತಿಂದು ಮುಗಿಸಿದ್ದ ಎಲೆ ಅಲ್ಲೇ ಮೂಲೆಯಲ್ಲಿತ್ತು, ಮೂಳೆಗಳ ಸಮೇತ. ಹೊರಗೆ ಹೋಗಲು ಮುಖವಿಲ್ಲದೆ ಅದನ್ನೇ ನೋಡುತ್ತ ನಿಂತೆ.