ನಾಲ್ಕನೆಯ ಸ್ಕ್ರೂ

ಟಕ್ ಅಂದಿತು, ಅಷ್ಟೇ, ಒಣಕಡ್ಡಿ ಮುರಿದ ಹಾಗೆ, ನೋಡಿದರೆ ಚಿಲಕದ ಹಿಡಿ ನನ್ನ ಅಂಗೈಯಲ್ಲಿದೆ, ಚಿಲಕ ಬಾಗಿಲಲ್ಲೇ ಉಳಿದಿದೆ, ಅದರ ಸರಳು ಚೌಕಟ್ಟಿನ ತೂತಿನೊಳಗೆ ಹೊಕ್ಕು ಕೂತಿದೆ, ಮಾವನ ಮನೆಗೆ ಬಂದ ಹೊಸ ಅಳಿಯನ ಹಾಗೆ, ಏಳುವ ಲಕ್ಷಣವೇ ಇಲ್ಲ — ಬೆರಳಿನಿಂದ ತಳ್ಳಿದೆ, ಉಗುರಿನಿಂದ ಎಳೆದೆ, ಉಗುರು ಹೋಯಿತು, ಸರಳು ಅಲುಗಲಿಲ್ಲ. ಬಚ್ಚಲಿನೊಳಗೆ ನಾನು, ಆಚೆ ಮಂಚದ ಮೇಲೆ ಹನ್ನೊಂದು ತಿಂಗಳ ಕೂಸು, ಮಗಳ ಮಗಳು, ನಮ್ಮ ಚೂಟಿ, ನಿದ್ದೆ ಮಾಡುತ್ತಿದೆ, ಮನೆಯಲ್ಲಿ ಇನ್ನೊಂದು ನರಪಿಳ್ಳೆ ಇಲ್ಲ. ಎರಡು ನಿಮಿಷ ಅಂತ ಬಂದೆ. ಮಂಚದ ಮೂರು ಬದಿಗೂ ದಿಂಬು ಒತ್ತರಿಸಿದ್ದೆ, ಬಚ್ಚಲಿನ ಕಡೆಯ ಬದಿಗೆ ದಿಂಬು ಸಾಲಲಿಲ್ಲ, ಆಚೆ ಕೋಣೆಯಿಂದ ತರಬೇಕಿತ್ತು, ಎರಡು ನಿಮಿಷಕ್ಕೇನು ಅಂದುಕೊಂಡೆ, ಆಗ ಕಂಡಿತ್ತು, ಹೊದಿಕೆಯಿಂದ ಹೊರಗೆ ಬಂದಿದ್ದ ಒಂದು ಪಾದ, ಇನ್ನೊಂದರಲ್ಲಿ ಹಳದಿ ಕಾಲುಚೀಲ ಇತ್ತು, ಇದರದ್ದು ಎಲ್ಲೋ ಕಳಚಿ ಬಿದ್ದಿತ್ತು, ನಡೆದು ಗೊತ್ತಿಲ್ಲದ ಅಂಗಾಲು, ಹೊಸ ಸೋಪಿನ ಹಾಗೆ ನುಣುಪು, ಹೊದಿಸೋಣ ಅಂದುಕೊಂಡೆ, ಹೊದಿಸದೆ ಬಂದೆ. ಕೂಗಲೇ? ಮೇಲಿನ ಕಿಂಡಿ ಬೀದಿಗೇ ತೆರೆದಿದೆ, ಎದುರು ಮನೆಯಾಕೆ ಈ ಹೊತ್ತಿಗೆ ಬಟ್ಟೆ ಹರವುತ್ತಿರುತ್ತಾಳೆ, ಬಾಯಿ ತೆರೆದೆ, ತೆರೆದ ಬಾಯನ್ನು ಹಾಗೇ ಮುಚ್ಚಿದೆ, ಆಕೆಗೆ ಕೇಳುತ್ತದೋ ಇಲ್ಲವೋ, ಚೂಟಿಗಂತೂ ಕೇಳುತ್ತದೆ, ಎದ್ದರೆ ನನ್ನ ದನಿ ಬಂದ ಕಡೆಗೆ ಅಂಬೆಗಾಲಿಡುತ್ತದೆ, ದನಿ ಬರುವ ಕಡೆಯೇ ದಿಂಬಿಲ್ಲದ ಬದಿ, ಕೆಳಗೆ ಕಲ್ಲಿನ ನೆಲ. ಒಂದು ವಾರದಿಂದ ಹೇಳಿಕೊಡುತ್ತಿದ್ದೇನೆ, ಹೊಟ್ಟೆ ಮೇಲೆ ತಿರುಗು ಕಂದ, ಹಿಂದೆ ಹಿಂದೆ, ಕಾಲು ಮೊದಲು, ತಲೆ ಆಮೇಲೆ, ಮಗಳು ನಗುತ್ತಾಳೆ, ಅಮ್ಮಾ, ಅದಕ್ಕಿನ್ನೂ ನಾಲ್ಕು ಹಲ್ಲು, ಆಗ್ಲೇ ನಿನ್ನ ಕಾಲ ಮೇಲೆ ನೀನು ನಿಂತ್ಕೋ ಅಂತ ಭಾಷಣ ಶುರುನಾ, ನಗಲಿ, ಆದರೆ ಇಷ್ಟು ದಿನದಲ್ಲಿ ಒಂದು ಸಲವೂ ತಾನಾಗಿ ತಿರುಗಿಲ್ಲ, ನಾನೇ ಸೊಂಟ ಹಿಡಿದು ತಿರುಗಿಸಬೇಕು, ಅಜ್ಜಿಯ ದನಿ ಕೇಳಿತೋ, ತಲೆ ಮುಂದೆ ಮಾಡಿಕೊಂಡು ಆಡಿನ ಮರಿಯ ಹಾಗೆ ನುಗ್ಗುತ್ತದೆ. ಕೂಗಬಾರದು. ಬಾಗಿಲು ಗುದ್ದಬಾರದು. ಬಕೆಟ್ ಕೂಡ ಸರಿಸಬಾರದು. ಉಸಿರು, ಮುದುಕಿ, ಉಸಿರನ್ನೂ ಮೆಲ್ಲಗೆ ಬಿಡು.

ಅಲ್ಲ, ಯಾರಿಗೆ ಅಂತ ಹಾಕಿದೆ ಈ ಚಿಲಕ, ಇವತ್ತು ಮನೆಯಲ್ಲಿ ಇರುವುದು ನಾನು ಮತ್ತು ತೊಟ್ಟಿಲ ಕೂಸು, ಯಾರು ಬಂದು ಇಣುಕುತ್ತಿದ್ದರು — ಬಟ್ಟೆ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಗುಂಡಿಯ ಕಾಜಾ ಹೊಲಿದೆ, ಅಲ್ಲಿನ ಹೆಂಗಸರ ಪಾಯಿಖಾನೆಗೆ ಚಿಲಕವೇ ಇರಲಿಲ್ಲ, ಒಂದು ಕೈಯಲ್ಲಿ ಸೀರೆ, ಒಂದು ಕೈಯಲ್ಲಿ ಬಾಗಿಲು, ಹೊರಗೆ ಮೇಲ್ವಿಚಾರಕ, ಏನಮ್ಮಾ, ಒಳಗೇ ಸಂಸಾರ ಹೂಡಿದ್ಯಾ, ಬೇಗ ಬೇಗ, ಆವತ್ತೇ ಅಂದುಕೊಂಡಿದ್ದೆ, ನನ್ನದು ಅಂತ ಒಂದು ಬಚ್ಚಲಾದರೆ ಆನೆ ಗುದ್ದಿದರೂ ಬಿಡದ ಚಿಲಕ ಹಾಕಿಸುತ್ತೇನೆ ಅಂತ. ಹಾಕಿಸಲಿಲ್ಲ, ನಾನೇ ಹಾಕಿದೆ, ಹೋದ ತಿಂಗಳು, ಮಗಳು ಬಡಗೀನ ಕರೆಸ್ತೀನಿ ಇರಮ್ಮಾ ಅಂದಳು, ನನ್ನ ಕೈಗೇನು ಲಕ್ವ ಹೊಡೆದಿದೆಯಾ ಅಂದೆ, ಸ್ಟೂಲಿನ ಮೇಲೆ ಕೂತು ನಾಲ್ಕು ಸ್ಕ್ರೂ ಬಿಗಿದೆ, ನಾಲ್ಕನೆಯದಕ್ಕೆ ಇನ್ನೊಂದು ಸುತ್ತು, ಮತ್ತೊಂದು ಸುತ್ತು, ತಲೆಯ ಗೀರು ಸವೆಯುವ ತನಕ, ಯಾರ ಹಂಗೂ ಬೇಡ ಅಂತ. ಈಗ ಅದೇ ಹೆಮ್ಮೆಯ ಒಳಗೆ ಕೂತಿದ್ದೇನೆ. ಗಂಟೆ ಎಷ್ಟಾಯಿತೋ, ಹತ್ತೂವರೆಗೆ ಒಳಗೆ ಬಂದದ್ದು, ಹನ್ನೊಂದಕ್ಕೆ ಮಗಳು ಫೋನ್ ಮಾಡುತ್ತಾಳೆ, ಬಾಣಂತನದ ರಜೆ, ಅದರ ಮೇಲೆ ಸಂಬಳವಿಲ್ಲದ ರಜೆ, ಎಲ್ಲ ಮುಗಿಸಿ ಇವತ್ತೇ ಕೆಲಸಕ್ಕೆ ಹೋದದ್ದು, ಬಾಗಿಲಲ್ಲಿ ನಿಂತು ಮೂರು ಸಲ ಕೇಳಿದಳು, ಒಬ್ಬಳೇ ನೋಡ್ಕೊಳ್ತೀಯಾ ಅಮ್ಮಾ, ಆಗಲ್ಲ ಅಂದ್ರೆ ಈಗ್ಲೇ ಹೇಳು, ರಾಜೀನಾಮೆ ಬರೆದು ಬ್ಯಾಗಲ್ಲೇ ಇಟ್ಕೊಂಡಿದೀನಿ, ನಾನು ಅಂದೆ, ಹೋಗೇ, ನಿನ್ನನ್ನ ಸಾಕಿದವಳು ಯಾರು, ನೆರೆಮನೆಯವಳಾ. ಆ ಕಾಗದ ಬ್ಯಾಗಿನಿಂದ ಆಚೆ ಬರಬಾರದು, ಮಷೀನಿನ ಮುಂದೆ ಬೆನ್ನು ಬಗ್ಗಿಸಿದ್ದು ಅದಕ್ಕಲ್ಲ, ಮತ್ತೆ ಫೋನು — ಫೋನು ಮಂಚದ ತಲೆಕಡೆ ಕಿಟಕಿಯಲ್ಲಿದೆ, ಚೂಟಿಯ ಕಿವಿಯಿಂದ ಒಂದು ಮೊಳ, ಕಿವುಡರಿಗೂ ಕೇಳುವಷ್ಟು ಜೋರಾಗಿ ಇಟ್ಟುಕೊಂಡಿದ್ದೇನೆ.

ತಡಿ, ಲೆಕ್ಕದ ಮೇಷ್ಟ್ರು ಏನಂದಿದ್ದರು, ಐವತ್ತು ದಾಟಿದ ಮೇಲೆ ಸಂಜೆ ಶಾಲೆಯ ಬೆಂಚಿನ ಮೇಲೆ ಕೂತವಳು ನಾನು, ಮೇಷ್ಟ್ರಿಗೆ ನನ್ನ ಮಗನ ವಯಸ್ಸು, ತ್ರಿಭುಜ ನೋಡಿದರೆ ಬೆವರುತ್ತಿದ್ದೆ, ಅಮ್ಮಾ, ಹೆದರಬೇಡಿ, ಮೊದಲು ದತ್ತ ಬರೀರಿ, ಲೆಕ್ಕ ಏನು ಕೊಟ್ಟಿದೆಯೋ ಅಷ್ಟೇ, ಕೊಡದೇ ಇದ್ದದ್ದನ್ನ ನೀವು ತಂದು ಸೇರಿಸಿದ್ರೆ ಸೊನ್ನೆ. ಸರಿ. ದತ್ತ: ಒಂದು ಬಾಗಿಲು, ಒಳಕ್ಕೆ ತೆರೆಯುವಂಥದ್ದು. ಒಂದು ಚಿಲಕ. ನಾಲ್ಕು ಸ್ಕ್ರೂ. ಒಂದು ಚೊಂಬು, ಸೋಪು, ಗೂಟದಲ್ಲಿ ಟವೆಲು, ಗೂಡಿನಲ್ಲಿ ಹಲ್ಲುಜ್ಜುವ ಬ್ರಷ್ಷು ಮತ್ತು ನಾಲಿಗೆ ಉಜ್ಜುವ ಸ್ಟೀಲ್ ಪಟ್ಟಿ — ಪಟ್ಟಿ! ಅದರ ಅಂಚು ತೆಳ್ಳಗಿದೆ, ಗೀರಿನೊಳಗೆ ಕೂರುತ್ತದೆ, ಕೂತಿತು, ಟವೆಲು ಸುತ್ತಿ ಹಿಡಿ, ಒತ್ತು, ತಿರುಗಿಸು, ಕಿರ್ ಅನ್ನಬೇಡ ಕಣೋ, ಸೋಪು ಸವರು, ಹಾಗೆ, ಮಷೀನಿನ ಸೂಜಿ ಬಿಚ್ಚುವಾಗ ಕಣ್ಣು ಬೇಕಿರಲಿಲ್ಲ, ಬೆರಳೇ ನೋಡುತ್ತಿತ್ತು, ಬಂತು, ಒಂದು. ಬೀಳಿಸಬೇಡ, ಕಲ್ಲಿನ ಮೇಲೆ ಬಿದ್ದರೆ ಗಂಟೆ ಬಾರಿಸಿದ ಹಾಗೆ, ಸೆರಗಿನಲ್ಲಿ ಕಟ್ಟು. ಎರಡನೆಯದು ಸುಲಭ, ಎರಡನೆಯದು ಯಾವತ್ತೂ ಸುಲಭ, ಮಗು ಎದ್ದಿದ್ದರೆ, ಅಂಚಿಗೆ ಬಂದಿದ್ದರೆ, ಆ ಪಾದ ಹೊದಿಕೆಯಿಂದ — ಅದು ದತ್ತದಲ್ಲಿಲ್ಲ, ಸೇರಿಸಬೇಡ, ಸೊನ್ನೆ. ಎರಡು. ಮೂರನೆಯದಕ್ಕೆ ಪಟ್ಟಿ ಬಾಗಿತು, ತಿರುವಿ ಇನ್ನೊಂದು ತುದಿ ಹಿಡಿದೆ, ಅಂಗೈ ಕೊಯ್ಯಿತು, ಕೊಯ್ಯಲಿ, ಅರ್ಧ ಬಂದಿದೆ, ಇನ್ನು ನಾಲ್ಕು ಸುತ್ತು, ಮೂರು, ಆಗ ಫೋನು.

ಫೋನು. ಮಗಳೇ, ಇಡು, ಇಡು ಫೋನು, ಅಮ್ಮ ಬಟ್ಟೆ ಒಗೀತಿರಬೇಕು ಅಂದುಕೋ, ಎರಡನೆಯ ಸಲ ಬಡಿದುಕೊಂಡಿತು, ಐದು, ಆರು, ಕಿಟಕಿಯ ಗಾಜು ಕೂಡ ಅದರ ಜೊತೆ ಝುಂ ಅನ್ನುತ್ತಿದೆ, ನನ್ನ ಕೈಯಲ್ಲಿಲ್ಲ, ಅದು ನನ್ನ ಕೈಯಲ್ಲಿಲ್ಲ, ಕೈಯಲ್ಲಿರುವುದು ಪಟ್ಟಿ, ತಿರುಗಿಸು, ಫೋನು ನಿಂತಿತು. ಆಮೇಲೆ ಮಂಚದ ಹಲಗೆ ಕಿರುಗುಟ್ಟಿತು, ಒಂದು ಸಣ್ಣ ಕೆಮ್ಮು, ಗೊಣಗಾಟ, ಮತ್ತೆ ಜ್ಜೀ, ಅಂದಿತು, ಜ್ಜೀ, ಅಂದರೆ ನಾನು, ಕಣ್ಣು ಬಿಟ್ಟ ಕೂಡಲೇ ಬಂದೆ ಕಂದಾ ಅನ್ನುವವಳು ನಾನು, ಆ ಮಾತು ಗಂಟಲ ತನಕ ಬಂದುಬಿಟ್ಟಿತು, ಸೆರಗು ಬಾಯಿಗೆ ತುರುಕಿಕೊಂಡೆ, ಕಚ್ಚಿದೆ, ಸೋಪಿನ ರುಚಿ, ಕಬ್ಬಿಣದ ರುಚಿ, ಅದು ಅಳುತ್ತಿದೆ, ಅಳು ಕಂದ, ಅಲ್ಲೇ ಕೂತು ಅಳು, ಅಜ್ಜಿ ಸತ್ತಿಲ್ಲ, ಅಜ್ಜಿ ಸುಮ್ಮನಿದ್ದಾಳೆ ಅಷ್ಟೇ, ಇಷ್ಟು ಕಷ್ಟದ ಕೆಲಸ ನಾನು ಮಾಡಿದ್ದೇ ಇಲ್ಲ, ಸುಮ್ಮನಿರುವುದು. ಮೂರು. ಚಿಲಕದ ತಗಡು ಸಡಿಲಾಗಿ ಜೋತುಬಿತ್ತು, ಬಾಗಿಲು ಎಳೆದರೆ ಎರಡು ಬೆರಳಷ್ಟು ಸಂದು, ಅಷ್ಟಕ್ಕೇ ನಿಂತಿತು, ನಾಲ್ಕನೆಯ ಸ್ಕ್ರೂ ಹಿಡಿದಿದೆ, ನನ್ನ ಹೆಮ್ಮೆಯ ಸ್ಕ್ರೂ, ಗೀರೇ ಇಲ್ಲ, ಪಟ್ಟಿ ಜಾರುತ್ತದೆ, ಓರೆಯಾಗಿ ಒತ್ತು, ಜಾರಿತು, ಮತ್ತೆ ಒತ್ತು. ಅಳು ನಿಂತಿದೆ. ಯಾಕೆ ನಿಂತಿತು. ಹೊದಿಕೆ ಸರಿಯುವ ಸದ್ದು, ಈ ಕಡೆಗೇ, ಕಣ್ಣು ಸಂದಿಗೆ ಒತ್ತಿದೆ, ಮಂಚದ ಅಂಚು, ಹಾಸಿಗೆಯ ಚುಂಗು, ಖಾಲಿ ನೆಲ, ಇನ್ನೇನು ತಲೆ ಕಾಣುತ್ತದೆ, ಕರಿ ಕೂದಲು ಮೊದಲು, ಆಮೇಲೆ ಹಣೆ, ಆಮೇಲೆ ಕಲ್ಲು, ಕೂಗಿಬಿಡಲೇ, ನಿಲ್ಲು ಅನ್ನಲೇ, ಅಂದರೆ ದನಿಯ ಕಡೆ ತಿರುಗುತ್ತದೆ, ತಿರುಗಿದರೆ ತಲೆ, ಕೂಗದಿದ್ದರೂ ತಲೆಯೇ, ಪಟ್ಟಿ ಗೀರಿನ ಚೂರಿಗೆ ಸಿಕ್ಕಿತು, ಕೂದಲೆಳೆಯಷ್ಟು ತಿರುಗಿತು, ಬಿಡಬೇಡ, ಅಂಚಿನಲ್ಲಿ ಏನೋ ಬಂತು, ತಲೆಯಲ್ಲ, ಹಳದಿ ಕಾಲುಚೀಲದ್ದೂ ಅಲ್ಲ — ಪಾದ. ಬರಿಯ ಪಾದ. ಹಿಮ್ಮಡಿ ನನ್ನ ಕಡೆಗೆ, ಬೆರಳು ನೆಲದ ಕಡೆಗೆ. ಅದರ ಹಿಂದೆ ಮೀನಖಂಡ, ಮೊಣಕಾಲ ಮಡಿಕೆ, ಹೊಟ್ಟೆ ಇನ್ನೂ ಮಂಚದ ಮೇಲೆ, ಚಾದರ ಮುಷ್ಟಿಯಲ್ಲಿ ಹಿಡಿದುಕೊಂಡಿರಬೇಕು, ಬಿಗಿಯುತ್ತಿದೆ, ಶಹಭಾಸ್ ಅನ್ನಬೇಡ, ಉಸಿರಾಡಬೇಡ, ಪಾದ ಗಾಳಿಯಲ್ಲಿ ನೆಲ ಹುಡುಕುತ್ತಿದೆ, ಒಂದು ಗೇಣು, ಅರ್ಧ ಗೇಣು, ಹೆಬ್ಬೆರಳು ಚಾಚಿದೆ, ಕಲ್ಲಿಗೆ ತಾಗಿತು, ತಣ್ಣಗೆ ಅನ್ನಿಸಿ ಸರಕ್ಕನೆ ಮೇಲೆ ಎಳೆದುಕೊಂಡಿತು, ನಿಂತಿತು, ಮತ್ತೆ ಇಳಿಯಿತು, ಹೆಬ್ಬೆರಳು, ಮುಂಗಾಲು, ಪಾದ —