ಮೋತಿಗೆ ಬಹುವಚನ

ನಾಯಿ ಸಾಕುವುದು ಬೇರೆ, ನಾಯಿ ಕಾಯುವುದು ಬೇರೆ. ಸಾಕಿದವರಿಗೆ ಅದು ಬಾಲ ಅಲ್ಲಾಡಿಸುತ್ತದೆ; ಕಾಯುವವರ ಪಾಲಿಗೆ ಬರುವುದು ಬೊಗಳಿಕೆ ಒಂದೇ. ಬಡೋದಾದ ಫತೇಗಂಜಿನಲ್ಲಿ, ಬಾಡಿಗೆಯ ಮಹಡಿಮನೆಯಲ್ಲಿ, ಇಂದುಮತಿ ಇದನ್ನು ಕಂಡುಕೊಂಡದ್ದು ಅರವತ್ನಾಲ್ಕರ ಬೇಸಿಗೆಯಲ್ಲಿ. ಅಷ್ಟು ಹೊತ್ತಿಗೆ ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು, ಗಂಡಹೆಂಡಿರ ನಡುವೆ ಮಾತು ಹೂಂ ಉಹೂಂಗೆ ಇಳಿದಿತ್ತು.

ನಾಯಿ ಕೆಳಮನೆಯ ಮಾಲಕಿ ಸವಿತಾಬೆನ್‌ಳದು. ಮುದುಕಿಗೆ ಹೊಟ್ಟೆಯಲ್ಲಿ ಗಡ್ಡೆಯೆಂದು ಮಗ ನಟುಭಾಯಿ, ಸೊಸೆ ಇಬ್ಬರೂ ಸೇರಿ ಅಹಮದಾಬಾದಿನ ಆಸ್ಪತ್ರೆಗೆ ಕರೆದೊಯ್ದರು. ಮನೆಗೆ ಬೀಗ ಬಿತ್ತು. ಸೊಸೆಗೆ ನಾಯಿ ಕಂಡರಾಗದು ಎಂಬುದು ಓಣಿಗೆಲ್ಲ ಗೊತ್ತು. ಅದಕ್ಕೇ ಮುದುಕಿ ಟಾಂಗಾ ಹತ್ತಿದ ಮೇಲೂ ಇಂದುಮತಿಯ ಕೈ ಬಿಡದೆ, ತಾನು ಬರುವತನಕ ಮೋತಿಯನ್ನು ಯಾರಿಗೂ ಕೊಡಬೇಡ ಎಂದು ಮಾತು ತೆಗೆದುಕೊಂಡಳು. ಮಗ, ಸೊಸೆ, ಹಾಲಿನವ, ತರಕಾರಿಯವಳು ಎಲ್ಲರಿಗೂ ಆಕೆ ‘ಬಾ’. ಗುಜರಾತಿಯಲ್ಲಿ ಹಾಗೆಂದರೆ ತಾಯಿ. ಧಾರವಾಡದ ಇಂದುಮತಿಗೆ ಮಾತ್ರ ಅಷ್ಟು ಹಿರಿಯಳನ್ನು ಹಾಗೆ ಕರೆಯಲು ನಾಲಗೆ ಏಳಲಿಲ್ಲ. ಮುಸುರೆ ತಿಕ್ಕುವವಳನ್ನು ಒಳಗೆ ಕರೆದಂತೆ ಅನಿಸುತ್ತಿತ್ತು. ಮೊದಲ ದಿನದಿಂದಲೂ, ತನ್ನೂರಿನಲ್ಲಿ ಚಿಕ್ಕಮ್ಮನನ್ನು ಕರೆಯುವಂತೆ, ಮೌಶಿ ಎಂದೇ ಅನ್ನುತ್ತಿದ್ದಳು.

ನಾಯಿ ಬೊಗಳಿದರೆ ದೇವಲೋಕ ಹಾಳಾಗದು ಎನ್ನುತ್ತಾರೆ. ಹಾಗೆಂದವನು ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವನಲ್ಲ. ಇಂದುಮತಿಯ ಗಂಡ ಬಾಲಚಂದ್ರ ತಂತಿ ಕಚೇರಿಯಲ್ಲಿ ರಾತ್ರಿಯಿಡೀ ತಂತಿಯಂತ್ರದ ಕಟ್ಟುಕಡ ಸದ್ದು ಕೇಳಿ ಅಕ್ಷರ ಬರೆದುಕೊಳ್ಳುವವನು. ಮನೆಗೆ ಬಂದು ಕಣ್ಣು ಮುಚ್ಚಿದರೆ ಮೋತಿಯದು ಶುರು. ಮೆಟ್ಟಿಲಿನವರೆಗೆ ಓಡುವುದು, ಕೆಳಗಿನ ಬೀಗದತ್ತ ನೋಡಿ ಬೊಗಳುವುದು, ಬಂದು ಇಂದುಮತಿಯ ಮುಖ ನೋಡುವುದು, ಮತ್ತೆ ಓಡುವುದು.

ಅವಳು ಮಾಡದ ಉಪಚಾರವಿಲ್ಲ. ಹಾಲನ್ನ ಕಲಸಿಟ್ಟಳು, ಬಿಸಿ ರೊಟ್ಟಿಗೆ ತುಪ್ಪ ಸವರಿದಳು. ತನ್ನ ಹಳೇ ಸೀರೆ ಹಾಸಿ, ನೆಲ ತಟ್ಟಿ, "ಬಾ, ಬಾ ನಮ್ಮಪ್ಪಾ, ಬಾ" ಎಂದು ಕೂಸಿನಂತೆ ಕರೆದಳು. ಕರೆದಷ್ಟೂ ನಾಯಿಗೆ ಹುಚ್ಚು ಹೆಚ್ಚಿತು. ವಿಚಿತ್ರವೆಂದರೆ ಸಿಟ್ಟು ನೆತ್ತಿಗೇರಿ ಅವಳು ಬೈದಾಗ ಮಾತ್ರ ಅದು ಸುಮ್ಮನೆ ಮಂಚದ ಕೆಳಗೆ ಸೇರುತ್ತಿತ್ತು. ಪ್ರೀತಿಗೆ ಒಗ್ಗದ ಜಾತಿ ಎಂದು ಬಾಲಚಂದ್ರ ತೀರ್ಮಾನಿಸಿದ. ಆದರೆ ಅದು ಸುಮ್ಮನಾದರೆ ಇಂದುಮತಿ ಬೈದದ್ದಕ್ಕೆ ಮರುಗಿ ಮತ್ತೆ ಕರೆಯುತ್ತಿದ್ದಳು. ಮತ್ತೆ ಅದೇ ಪಾಡು.

ಭಾನುವಾರ ನಟುಭಾಯಿ ಬಂದ. ಪಕ್ಕದ ಹಾಸ್ಟೆಲಿನ ಹುಡುಗರಿಗೆ ಪರೀಕ್ಷೆ, ಅವರು ದೂರು ಕೊಟ್ಟಿದ್ದರು. ಮುಂದಿನ ಭಾನುವಾರದೊಳಗೆ ಬೊಗಳುವುದು ನಿಲ್ಲದಿದ್ದರೆ ನಾಯಿಯನ್ನು ಪಾಂಜ್ರಾಪೋಳಕ್ಕೆ ಹಾಕುವುದೇ ಎಂದ. ಮುದಿ ದನ, ಕುಂಟು ಕುದುರೆಗಳನ್ನು ಬಿಡುವ ಜಾಗ ಅದು. ಮುದುಕಿ ಹೇಗಿದ್ದಾಳೆಂದರೆ ಕೈಯನ್ನು ಹೀಗೆ ಹಾಗೆ ತಿರುಗಿಸಿದ. ನಾಯಿ ಹೋದರೆ ಹೋಗಲಿ, ನಿದ್ದೆಯಾದರೂ ಬಂದೀತು ಎಂದು ಇಂದುಮತಿಗೆ ಒಂದು ಗಳಿಗೆ ಅನಿಸಿದ್ದು ನಿಜ. ಅನಿಸಿತಲ್ಲ ಎಂದು ತನ್ನ ಮೇಲೆಯೇ ಹೇಸಿಗೆಯಾಯಿತು.

ವಾರದ ನಡುವೆ ಒಂದು ಮಧ್ಯಾಹ್ನ, ಹೊರಗೆ ಬಿಸಿಲು ಸುರಿಯುತ್ತಿರುವಾಗ, ನಳಿನಿ ಬಂದಳು. ಉಡುಪಿ ಕಡೆಯವಳು, ಗಂಡ ಬ್ಯಾಂಕಿನಲ್ಲಿ. ಕನ್ನಡ ಆಡಲು ಇಂದುಮತಿಗಿದ್ದ ಒಬ್ಬಳೇ ಗೆಳತಿ. ಅಂದು ಬೆಳಿಗ್ಗೆಯಿಂದ ಬೈಗುಳ ತಿಂದಿದ್ದ ಮೋತಿ ಆಗಷ್ಟೇ ಮಲಗಿತ್ತು. ಎದ್ದು ಹೋಗಲು ತ್ರಾಣವಿಲ್ಲದೆ ಇಂದುಮತಿ ಅಡುಗೆಮನೆಯಿಂದಲೇ, "ಬಾ ನಳಿನಿ" ಎಂದಳು.

ಮೋತಿ ಚಂಗನೆ ಎದ್ದಿತು. ನಳಿನಿಯ ಕಾಲ ಸಂದಿಯಿಂದಲೇ ನುಸುಳಿ, ಅವಳನ್ನು ಮೂಸಿಯೂ ನೋಡದೆ, ಮೆಟ್ಟಿಲಿಳಿದು ಬೀಗದ ಬಾಗಿಲಿನ ಸಂದಿಗೆ ಮೂಗು ಹಚ್ಚಿತು. ಒಳಗೆ ಯಾರೂ ಇಲ್ಲ. ಮೇಲೆ ಬಂದು ಇಂದುಮತಿಯ ಮುಖ ನೋಡಿ ಬೊಗಳತೊಡಗಿತು.

ಇಂದುಮತಿಗೆ ಆಗ ಹೊಳೆಯಿತು. ಬೇರೆಯವರ ಬಾಯಿಂದ ಬಂದಾಗ ‘ಬಾ’ ಗುಜರಾತಿ, ತನ್ನ ಬಾಯಿಂದ ಬಂದಾಗ ಕನ್ನಡ. ಎರಡೂ ಒಂದೇ ಸದ್ದೆಂದು ನಾಲ್ಕು ವರ್ಷದಲ್ಲಿ ಒಮ್ಮೆಯೂ ಅವಳ ಕಿವಿಗೆ ಬಿದ್ದಿರಲಿಲ್ಲ. ನಾಯಿಗೇನು ಗೊತ್ತು ಏಕವಚನ! "ನಿಮ್ಮವ್ವ ಬಂದಾಳ, ನಿಮ್ಮವ್ವ ಬಂದಾಳ ಅಂತ ದಿನಾ ಸುಳ್ಳು ಹೇಳೀನಿ ನಳಿನಿ ಅದಕ್ಕ" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಳಿನಿಗೆ ಅರ್ಥವಾಗಲು ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಬೇಕಾಯಿತು.

ಅಂದಿನಿಂದ ಆ ಮನೆಯಲ್ಲಿ ಏಕವಚನ ಬಂದ್. ಗುಜರಾತಿಯಲ್ಲಿ ‘ಆವ್’ ಎಂದು ಕರೆದು ನೋಡಿದಳು, ಪ್ರೀತಿ ಗಂಟಲಲ್ಲೇ ನಿಂತಿತು. ಕೊನೆಗೆ "ಬರ್ರಿ ಮೋತಿ, ಊಟಕ್ಕ ಬರ್ರಿ" ಎನ್ನತೊಡಗಿದಳು. ನಾಯಿ ಬಂತು, ಉಂಡಿತು, ಸೀರೆಯ ಮೇಲೆ ಸುತ್ತಿ ಮಲಗಿತು. ಬೀಗರಿಗೂ ಇಷ್ಟು ಮರ್ಯಾದೆ ಇಲ್ಲ ಎಂದು ಬಾಲಚಂದ್ರ ಚುಚ್ಚಿದ. ಚುಚ್ಚಿ, ಗೋಡೆಗೆ ತಿರುಗಿ ಸಂಜೆಯವರೆಗೆ ಗೊರಕೆ ಹೊಡೆದ. ಆ ಗೊರಕೆ ಕೇಳುತ್ತ ಇಂದುಮತಿಗೂ ಕೂತಲ್ಲೇ ಕಣ್ಣು ಮುಚ್ಚಿತು.

ಶನಿವಾರ ಬೆಳಿಗ್ಗೆ ಅವನು ಪಾಳಿಯಿಂದ ತಡವಾಗಿ ಬಂದ. ಅಂಗಿ ಕಳಚದೆ ಕೂತ. ನಾಯಿಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಮೌಶಿ ಹೋದ್ರು" ಎಂದ. ತಂತಿ ಬಂದದ್ದು ಅವನ ಕೈಗೇ. ಬಿ, ಎ ಎಂದು ಎರಡಕ್ಷರ ಬರೆದುಕೊಂಡ ಮೇಲೆ ಮುಂದಿನ ಶಬ್ದ ಕೇಳುವ ಮೊದಲೇ ತಿಳಿಯಿತಂತೆ. ಊರಿನಲ್ಲೇ ಇದ್ದ ನಟುಭಾಯಿಯ ಕಾಕಾನಿಗೆ ಅದು ಮುಟ್ಟುವತನಕ ಬಾಯಿ ಬಿಡಬಾರದೆಂದು ಕಚೇರಿಯಲ್ಲೇ ಕೂತಿದ್ದ.

ಭಾನುವಾರ ಬೀಗ ತೆರೆಯಿತು. ನಟುಭಾಯಿ ತಲೆ ಬೋಳಿಸಿಕೊಂಡು ಬಂದಿದ್ದ. ಓಣಿಯ ಹೆಂಗಸರು ಬಿಳಿ ಸೀರೆಯಲ್ಲಿ ನೆರೆದು ಅಳು ಎತ್ತಿದರು: ಬಾ, ಓ ಬಾ, ನಮ್ಮ ಬಾ. ಇಂದುಮತಿ ಬಾಗಿಲು ಹಾಕಲು ಓಡಿದಳು. ಮೋತಿ ಅವಳಿಗಿಂತ ಮೊದಲು ಮೆಟ್ಟಿಲಿಳಿದಿತ್ತು. ಬಾಲ ಅಲ್ಲಾಡಿಸುತ್ತ ಒಬ್ಬೊಬ್ಬ ಹೆಂಗಸಿನ ಸೆರಗೂ ಮೂಸಿತು, ಮುದುಕಿಯ ಕೋಣೆಗೆ ಹೊಕ್ಕು ಹೊರಬಂತು, ನಡುಮನೆಯಲ್ಲಿ ನಿಂತು ಬೊಗಳಿತು. ಸೊಸೆ ಮುಖ ತಿರುಗಿಸಿದಳು. ನಟುಭಾಯಿ ಹೊರಗೆ ಬಂದು, ಇನ್ನು ಯಾರಿಗಾಗಿ ಇದು, ನಾಳೆ ಪಾಂಜ್ರಾಪೋಳದವರನ್ನು ಕರೆಸುತ್ತೇನೆ, ನಿಮಗೂ ಸಾಕಾಗಿದೆ ಎಂದ.

ಸಾಕಾಗಿತ್ತು. ಎಲುಬಿನೊಳಗಿಂದ ಸಾಕಾಗಿತ್ತು. ಇಂದುಮತಿ ತನ್ನ ಹರುಕು ಗುಜರಾತಿಯಲ್ಲಿ, ಒಂದೊಂದೇ ಶಬ್ದ ಹುಡುಕಿ ಹೇಳಿದಳು: "ಅವರು ಬರುವತನಕ ಅಂತ ಮಾತು ಕೊಟ್ಟಿದ್ದೇನೆ. ಅವರು ಇನ್ನೂ ಬಂದಿಲ್ಲವಲ್ಲ."

ನಟುಭಾಯಿ ಬೋಳುತಲೆಯ ಮೇಲೆ ಕೈಯಾಡಿಸಿ, ಹಾಗಾದರೆ ನೀವೇ ಇಟ್ಟುಕೊಳ್ಳಿ ಎಂದು ಒಳಗೆ ಹೋದ. ಅವಳು ಕೆಳಗಿನ ಮೆಟ್ಟಿಲ ಮೇಲೆ ಕೂತಳು. ನಾಯಿಯನ್ನು ಕರೆಯಲಿಲ್ಲ. ಮೇಲಿನಿಂದ ಬಾಲಚಂದ್ರ, ಅದನ್ನ ಎತ್ತಿಕೊಂಡು ಬರಲೇನು ಎಂದು ಕೇಳಿದ.

"ಬೊಗಳಲಿ ಬಿಡ್ರಿ" ಎಂದಳು.