ಅಲ್ಲಾಡಬೇಡ

ಕತ್ತಲಲ್ಲಿ ಫೋಟೊ ತೆಗೆಯುವುದರಲ್ಲಿ ನಮ್ಮ ಮನೆಯವರು ಹೆಸರು ಮಾಡಿದವರು. ಫ್ಲ್ಯಾಶ್ ಹಾಕುವವರನ್ನು ಕಂಡರೆ ಅವರಿಗೆ ಆಗುವುದಿಲ್ಲ. ಮುಖಕ್ಕೆ ಬೆಳಕು ಎರಚಿ ತೆಗೆದದ್ದು ಫೋಟೊ ಅಲ್ಲ, ಪೊಲೀಸರ ದಾಖಲೆ ಎನ್ನುತ್ತಾರೆ. ನಾಟಕ, ನೃತ್ಯ, ಸಂಗೀತ, ಎಲ್ಲಿ ದೀಪ ಕಡಿಮೆಯೋ ಅಲ್ಲಿಗೆ ಇವರನ್ನೇ ಕರೆಯುತ್ತಾರೆ. ಊರಿಗೆ ಉಪಕಾರಿ. ಆ ಗಾದೆಯ ಮೊದಲರ್ಧ ಏನೆಂದು ನನಗೂ ನನ್ನ ಮಗಳಿಗೂ ಚೆನ್ನಾಗಿ ಗೊತ್ತು.

ಮನೆಯಲ್ಲಿ ಮೂರು ಕ್ಯಾಮೆರಾ, ಎಂಟು ಲೆನ್ಸ್. ಇಷ್ಟಿದ್ದೂ ಒಂದು ಫೋಟೊ ಕೆಟ್ಟರೆ ತಪ್ಪು ಲೆನ್ಸಿನದೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹೊಸ ಲೆನ್ಸ್ ಬಂದಾಗಲೆಲ್ಲ ನಡುಮನೆಯಲ್ಲಿ ಅದಕ್ಕೊಂದು ಪರೀಕ್ಷೆ. ಪರದೆ ಎಳೆದು, ಮೂಲೆಯ ಸಣ್ಣ ದೀಪ ಒಂದನ್ನೇ ಉರಿಸಿ, ಮಗಳನ್ನು ಸ್ಟೂಲಿನ ಮೇಲೆ ಕೂರಿಸುತ್ತಾರೆ. ಅವಳಿಗೆ ಐದು ವರ್ಷ ಆದಾಗಿನಿಂದ ಇದೇ ಕೆಲಸ.

“ಅಲ್ಲಾಡಬೇಡ ಪುಟ್ಟಿ. ಬೆಳಕು ಕಡಿಮೆ ಇದ್ದಾಗ ಶಟರ್ ಜಾಸ್ತಿ ಹೊತ್ತು ತೆರೆದಿರುತ್ತೆ. ಅಷ್ಟು ಹೊತ್ತು ಕಲ್ಲಿನ ಹಾಗಿರೋರು ಮಾತ್ರ ಚೆನ್ನಾಗಿ ಬರ್ತಾರೆ.”

ಅವಳು ಉಸಿರು ಹಿಡಿದು ಕೂರುವುದನ್ನು ಕಲಿತಳು. ಆಮೇಲೆ ಇವರು ಚಿತ್ರವನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ಅವಳ ರೆಪ್ಪೆಯ ಕೂದಲು ಎಣಿಸುತ್ತಾರೆ, ನೆರಳಿರುವ ಕಡೆ ಮರಳಿನಂಥ ಚುಕ್ಕೆ ಎಷ್ಟು ಬಂದಿದೆ ನೋಡುತ್ತಾರೆ. ನೋಡಿ, ಎಲ್ಲವನ್ನೂ ಅಳಿಸುತ್ತಾರೆ. ಹತ್ತು ವರ್ಷ ಹೀಗೆ ಕೂತ ಹುಡುಗಿಯ ಒಂದೇ ಒಂದು ಫೋಟೊ ನಮ್ಮ ಗೋಡೆಯ ಮೇಲಿಲ್ಲ. ಕೇಳಿದರೆ, “ಪರೀಕ್ಷೆಗೆ ತೆಗೆದದ್ದನ್ನ ಯಾರಾದ್ರೂ ಇಟ್ಕೋತಾರೇನೆ?” ಎನ್ನುತ್ತಾರೆ.

ಅವಳಿಗೆ ಹದಿನೈದಾದಾಗ ಒಂದು ನೃತ್ಯನಾಟಕದಲ್ಲಿ ಪಾತ್ರ ಸಿಕ್ಕಿತು. ಅರಮನೆಯ ಬಾಗಿಲು ಕಾಯುವವಳು, ಕೈಯಲ್ಲಿ ಕಂದೀಲು. ಮಾತಿಲ್ಲ. ಒಂದು ದೃಶ್ಯ, ನಾಲ್ಕು ನಿಮಿಷ. ಆ ನಾಟಕದ ಫೋಟೊ ತೆಗೆಯಲು ಕರೆದದ್ದೂ ಇವರನ್ನೇ.

“ಅಪ್ಪ, ನಂಗೆ ನಂದೊಂದು ಫೋಟೊ ಬೇಕು. ಪರೀಕ್ಷೇದಲ್ಲ,” ಎಂದಳು ಮಗಳು. ಅವಳು ಅಪ್ಪನನ್ನು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ನನಗೆ ನೆನಪಿರುವ ಹಾಗೆ ಅದೇ ಮೊದಲು.

ಇವರಿಗೆ ಹುರುಪು ಬಂತು. ಊಟದ ಮೇಜಿನ ಮೇಲೆ ಲೆನ್ಸುಗಳನ್ನು ಸಾಲಾಗಿ ಇಟ್ಟುಕೊಂಡು ಯೋಚಿಸಿದರು. ನಾಯಕಿ ಓಡಾಡುತ್ತಾಳೆ, ಅವಳಿಗೆ ಶಟರ್ ಚುರುಕಾಗಿರಬೇಕು, ಜೂಮ್ ಬೇಕು. ಬಾಗಿಲಿನ ದೃಶ್ಯಕ್ಕೆ ಅದನ್ನು ಬಿಚ್ಚಿ, ಬೆಳಕನ್ನು ಹೆಚ್ಚು ಒಳಬಿಡುವ ದೊಡ್ಡ ಬಾಯಿಯ ಲೆನ್ಸ್ ಹಾಕುವುದು, ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಕೂರಿಸುವುದು, ಶಟರನ್ನು ಕಾಲು ಸೆಕೆಂಡಿಗೆ ಇಳಿಸುವುದು.

“ಕಂದೀಲಿನ ಬೆಳಕು ನಿನ್ನ ಕೆನ್ನೆ ಮೇಲೆ ಬೀಳುತ್ತೆ. ಅಷ್ಟೇ ಸಾಕು ನಂಗೆ. ನೀನು ಮಾತ್ರ ಅಲ್ಲಾಡಬೇಡ.”

“ಆಯ್ತಪ್ಪ,” ಎಂದಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ.

ಪ್ರದರ್ಶನ ಮಧ್ಯಾಹ್ನ ಮೂರಕ್ಕೆ. ಇವರು ನಡುವಿನ ದಾರಿಯ ಪಕ್ಕ ಕೂತರು, ನಾನು ಲೆನ್ಸಿನ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಇವರ ಪಕ್ಕ. ಮೊದಲ ದೃಶ್ಯದಲ್ಲಿ ನಾಯಕಿ ಜಿಂಕೆಯ ಹಾಗೆ ಜಿಗಿದಳು. ಕ್ಯಾಮೆರಾ ಬಿಡುವಿಲ್ಲದೆ ಕೆಲಸ ಮಾಡಿತು. ಮುಂದಿನ ದೃಶ್ಯಕ್ಕಿರಲಿ ಎಂದು ನಾನು ಫೋನ್ ಹೊರಗೆ ತೆಗೆದೆ.

“ಒಳಗಿಡು ಅದನ್ನ. ಈ ಬೆಳಕಲ್ಲಿ ಫೋನಲ್ಲಿ ತೆಗೆದ್ರೆ ಮುಖ ಮೆತ್ತಿದ ಹಿಟ್ಟಿನ ಹಾಗಿರುತ್ತೆ. ನಾನಿಲ್ವಾ?” ಎಂದರು. ಒಳಗಿಟ್ಟೆ.

ದೀಪಗಳು ಇಳಿದವು. ರಂಗದ ಹಿಂಭಾಗದಲ್ಲಿ, ಬಾಗಿಲಿನ ಪಕ್ಕ, ನನ್ನ ಮಗಳು ಕಂದೀಲು ಹಿಡಿದು ನಿಂತಿದ್ದಳು. ಕೆನ್ನೆಯ ಮೇಲೆ ಬೆಳಕು ಬಿದ್ದಿತ್ತು, ಇವರು ಹೇಳಿದ ಹಾಗೆಯೇ. ಇವರು ಮಾತ್ರ ತಲೆ ಬಗ್ಗಿಸಿ, ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯಲ್ಲಿ ನಾಯಕಿಯ ಮುಖವನ್ನು ಹಿಗ್ಗಿಸಿ ನೋಡುತ್ತಿದ್ದರು.

“ರೀ, ಪುಟ್ಟಿ ಬಂದ್ಲು.”

“ಗೊತ್ತು ಕಣೆ. ನಾಲ್ಕು ನಿಮಿಷ ಇದೆಯಲ್ಲ. ಕಣ್ಣು ಶಾರ್ಪಾಗಿ ಬಂದಿದೆಯಾ ನೋಡ್ಕೊಂಡ್ಬಿಡ್ತೀನಿ.”

ಡೋಲು ಬಡಿಯಿತು. ಮಗಳು ಅಲ್ಲಾಡಲಿಲ್ಲ. ಮತ್ತೆ ಬಡಿಯಿತು. ನಾಯಕಿ ಅವಳ ಕಡೆ ನೋಡುತ್ತ ಕಾದಳು, ಕೊನೆಗೆ ತಾನೇ ಕತ್ತಲಲ್ಲಿ ತಡಕಾಡುತ್ತ ಹೊರಟು ಮೆಟ್ಟಿಲಿಗೆ ಎಡವಿದಳು. ಜನ ನಕ್ಕರು. ಯಾರೋ ಗಾಬರಿಯಲ್ಲಿ ದೀಪ ಪೂರ್ತಿ ಆರಿಸಿದರು. ಆಗ ಇವರು ತಲೆ ಎತ್ತಿದರು.

“ಇಷ್ಟು ಬೇಗ ಮುಗೀತಾ?”

ಟ್ರೈಪಾಡ್ ಪಕ್ಕದಲ್ಲಿ ಬೋಳಾಗಿ ನಿಂತಿತ್ತು. ದೊಡ್ಡ ಬಾಯಿಯ ಲೆನ್ಸ್ ನನ್ನ ಮಡಿಲಲ್ಲೇ ಇತ್ತು.

ತೆರೆಯ ಹಿಂದೆ ಹೋದಾಗ ನಿರ್ದೇಶಕಿ ಮಗಳನ್ನು ಎದುರಿಗೆ ನಿಲ್ಲಿಸಿಕೊಂಡಿದ್ದರು. “ಕಾಲಿಗೆ ಬೇರು ಬಿಟ್ಟಿತ್ತೇನಮ್ಮ? ಡೋಲು ಕೇಳಿದ ತಕ್ಷಣ ಕಂದೀಲು ಎತ್ತಿ ಮೂರು ಹೆಜ್ಜೆ ಬಂದು ದಾರಿ ತೋರಿಸ್ಬೇಕು ಅಂತ ಎಷ್ಟು ಸಲ ಹೇಳಿದ್ದೆ? ನಾಳೆಯಿಂದ ಬೇರೆ ಹುಡುಗಿ ಮಾಡ್ತಾಳೆ, ನೀನು ಬರೋದು ಬೇಡ.” ತಾನು ಯಾಕೆ ನಿಂತುಬಿಟ್ಟೆನೆಂದು ಮಗಳು ಅವರಿಗೆ ಹೇಳಲಿಲ್ಲ. ಹೆಜ್ಜೆಯ ವಿಷಯ ಮನೆಯಲ್ಲಿ ನಮಗೂ ಹೇಳಿರಲಿಲ್ಲ.

ಹೊರಗೆ ಬಂದ ಮೇಲೆ ಕೇಳಿದಳು. “ಬಂತಾ ಅಪ್ಪ? ನಾನು ಉಸಿರೂ ಬಿಡ್ಲಿಲ್ಲ.”

“ಬಂದಿರುತ್ತೆ. ಮನೇಲಿ ನೋಡೋಣ,” ಎಂದರು ಇವರು, ಚೀಲದ ಜಿಪ್ ಎಳೆಯುತ್ತ.

ಮನೆಯಲ್ಲಿ ಹುಡುಕಿದರು. ಮೊದಲ ದೃಶ್ಯದ ಕೊನೆಯ ಫೋಟೊದಲ್ಲಿ, ನಾಯಕಿಯ ಹಿಂದೆ, ಮಗಳು ಆಗಲೇ ಕತ್ತಲಲ್ಲಿ ಬಂದು ನಿಂತಿದ್ದ ಮೂಲೆ ಇತ್ತು. ಅದನ್ನು ಕಂಪ್ಯೂಟರಿನಲ್ಲಿ ಬೆಳಗಿಸಿದರು. ಕೆಂಪು, ಹಸಿರು ಚುಕ್ಕೆಗಳ ನಡುವೆ ಗೋಡೆಗೆ ಒರಗಿಸಿದ ಪೊರಕೆಯಂಥದ್ದೇನೋ ಕಂಡಿತು.

“ನೋಡು, ಏನೂ ಇಲ್ಲದ ಕಡೆಯಿಂದ ಇಷ್ಟು ಎತ್ತಿ ತೋರಿಸ್ತಲ್ಲ ಈ ಕ್ಯಾಮೆರಾ,” ಎಂದರು. ಅವರ ದನಿಯಲ್ಲಿ ಹೆಮ್ಮೆ ಇತ್ತು.

“ಅದು ನಾನಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಎದ್ದುಹೋದಳು.

ಆ ಟ್ರೈಪಾಡನ್ನು ಎತ್ತಿ ಬೀದಿಗೆ ಎಸೆಯುವಷ್ಟು ಸಿಟ್ಟು ಬಂತು ನನಗೆ. ಎಸೆಯಲಿಲ್ಲ. ನನ್ನ ಫೋನೂ ಚೀಲದಲ್ಲೇ ಇತ್ತಲ್ಲ, ಯಾವ ಮುಖ ಇಟ್ಟುಕೊಂಡು ಎಸೆಯಲಿ? ಹಿಟ್ಟಿನ ಹಾಗೇ ಬಂದಿದ್ದರೂ ಅದು ನನ್ನ ಮಗಳ ಮುಖವಾಗಿರುತ್ತಿತ್ತು.

ಎರಡು ತಿಂಗಳಿಗೆ ಹೊಸ ಲೆನ್ಸ್ ಬಂತು. ಇವರು ಪರದೆ ಎಳೆದರು, ಸಣ್ಣ ದೀಪ ಹಚ್ಚಿದರು, “ಪುಟ್ಟಿ, ಬಾ” ಎಂದರು. ಬರುವುದಿಲ್ಲ ಎಂದುಕೊಂಡಿದ್ದೆ. ಬಂದಳು. ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಳು.

“ಅಲ್ಲಾಡಬೇಡ.”

ನಲವತ್ತು ಫೋಟೊ ತೆಗೆದರು. ನಲವತ್ತರಲ್ಲೂ ಮುಖ ಕಲಸಿಹೋಗಿತ್ತು. ಟ್ರೈಪಾಡಿನ ತಿರುಪು ಬಿಗಿ ಮಾಡಿದರು, ದೀಪವನ್ನು ಹತ್ತಿರ ತಂದರು, ಲೆನ್ಸನ್ನು ಬಿಚ್ಚಿ ಒರೆಸಿ ಮತ್ತೆ ಹಾಕಿದರು. “ಲೆನ್ಸೇ ಸರಿ ಇಲ್ಲ ಕಣೆ, ವಾಪಸ್ ಕಳಿಸ್ಬೇಕು,” ಎಂದರು.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಇವರು ಗುಂಡಿ ಒತ್ತಿದಾಗಲೆಲ್ಲ ಅವಳು ತಲೆಯನ್ನು ನಿಧಾನವಾಗಿ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಆಡಿಸುತ್ತಿದ್ದಳು, ಬೇಡ ಎನ್ನುವವರ ಹಾಗೆ. ಅವಳ ಕಣ್ಣು ಅಪ್ಪನ ಮೇಲೇ ಇತ್ತು. ಅಪ್ಪನ ಕಣ್ಣು ಕ್ಯಾಮೆರಾದ ಅಂಕಿಗಳ ಮೇಲಿತ್ತು.

ಮಾರನೆಯ ದಿನ ಲೆನ್ಸಿನ ಡಬ್ಬಿಗೆ ಟೇಪ್ ಸುತ್ತಿಕೊಟ್ಟವಳು ನಾನೇ.